ಬ್ಲೂಗ್ರಾಸ್ ಸಂಗೀತದಲ್ಲಿ ಪರಂಪರೆ ಮತ್ತು ಪರಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಬ್ಲೂಗ್ರಾಸ್ ಸಂಗೀತವನ್ನು ಅತಿ ಪುರಾತನವಾದ ಜನಪದ ಸಂಗೀತವೆಂದು ಭಾವಿಸುವವರು ಅನೇಕರುಂಟು. ಅದರ ಮಟ್ಟುಗಳಲ್ಲಿ ಹಲವು ಹಳೆಯವೆಂಬುದೇನೋ ನಿಜ. ಆದರೆ ಇಂದು ಆ ಹೆಸರಿನಿಂದ ಕರೆಯುವ ವಾದನಕ್ರಮಕ್ಕೆ ಇನ್ನೂ ಒಂದು ಶತಮಾನವೂ ತುಂಬಿಲ್ಲ; ಅದನ್ನು ರೂಪಿಸಿದವರು ತರುಣರು. ಈ ಸಂಗತಿಯು ಮರೆತುಹೋದಾಗಲೆಲ್ಲ ರಸಿಕರಲ್ಲಿ ವಿವಾದವು ತಲೆದೋರಿದೆ. ವಿವಾದದ ಬೆನ್ನಿಗೇ ನಗೆಯೂ ಹುಟ್ಟಿದೆ. ಇವೆರಡರ ಸಂಬಂಧವನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಈ ಪದ್ಧತಿಯ ಪ್ರವರ್ತಕರಾದ ಬಿಲ್ ಮನ್ರೋ ೧೯೧೧ರಲ್ಲಿ ಕೆಂಟಕಿ ಸಂಸ್ಥಾನದ ರೋಸೀನ್‌ನಲ್ಲಿ ಜನಿಸಿದರು. ಸೋದರಮಾವ ಪೆನ್ ವ್ಯಾಂಡಿವರ್ ಅವರ ಪಿಟೀಲಿನಿಂದ ಹಳೆಯ ಕುಣಿತದ ಮಟ್ಟುಗಳನ್ನೂ, ಆರ್ನಲ್ಡ್ ಷುಲ್ಟ್ಸ್ ಎಂಬ ಕಪ್ಪುಜನಾಂಗದ ಗಿಟಾರ್ ವಾದಕರಿಂದ ಬ್ಲೂಸ್ ಸಂಗೀತದ ಛಾಯೆಯನ್ನೂ ಅವರು ಗ್ರಹಿಸಿದರು. ೧೯೩೯ರಲ್ಲಿ ತಮ್ಮ ‘ಬ್ಲೂ ಗ್ರಾಸ್ ಬಾಯ್ಸ್’ ವೃಂದದೊಡನೆ ನ್ಯಾಷ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೋ ಕಾರ್ಯಕ್ರಮವನ್ನು ಸೇರಿದಾಗ ಅವರ ವಯಸ್ಸು ೨೮. ೧೯೪೫ರ ಡಿಸೆಂಬರಿನಲ್ಲಿ ಆ ವೃಂದವನ್ನು ಸೇರಿ, ಮೂರು ಬೆರಳುಗಳ ತ್ವರಿತ ವಾದನದಿಂದ ಬ್ಯಾಂಜೊ ವಾದ್ಯಕ್ಕೆ ಹೊಸ ಸ್ಥಾನವನ್ನು ಗಳಿಸಿಕೊಟ್ಟ ಅರ್ಲ್ ಸ್ಕ್ರಗ್ಸ್ ಅವರಿಗೆ ಆಗ ಕೇವಲ ೨೧ ವರ್ಷ. ಮುಂದೆ ಸಂಪ್ರದಾಯವೆಂದು ಮಾನ್ಯವಾದದ್ದು ಅಂದು ನವೀನವೇ ಆಗಿತ್ತು.

ಸ್ಕ್ರಗ್ಸ್ ಅವರ ಆಗಮನವು ನಗೆಯ ಇತಿಹಾಸದಲ್ಲಿಯೂ ಒಂದು ತಿರುವು. ಅವರಿಗಿಂತ ಮೊದಲು ಮನ್ರೋ ಅವರಲ್ಲಿ ಬ್ಯಾಂಜೊ ನುಡಿಸುತ್ತಿದ್ದ ‘ಸ್ಟ್ರಿಂಗ್‌ಬೀನ್’ ಎಂಬ ಅಡ್ಡಹೆಸರಿನ ಡೇವಿಡ್ ಏಕ್‌ಮನ್ ವೃಂದದ ವಿದೂಷಕರೂ ಆಗಿದ್ದರು. ಬ್ಯಾಂಜೊ ಹಿಡಿದವನು ನಗಿಸಲೇಬೇಕೆಂಬುದು ಅಂದಿನ ವಾಡಿಕೆ. ಹಿರಿಯ ಬ್ಯಾಂಜೊ ವಾದಕರಾದ ಅಂಕಲ್ ಡೇವ್ ಮೇಕನ್ ಸ್ಕ್ರಗ್ಸ್ ಅವರನ್ನು ಕೇಳಿ, ವಾದನವೇನೋ ಚೆನ್ನಾಗಿದೆ, ಆದರೆ ಈತನಲ್ಲಿ ಹಾಸ್ಯವೇ ಇಲ್ಲವೆಂದರಂತೆ. ವಿದೂಷಕನ ವಾದ್ಯವು ವಿದ್ವಾಂಸನ ವಾದ್ಯವಾದ ಕಾಲವನ್ನು ಈ ಐತಿಹ್ಯವು ಸೂಚಿಸುತ್ತದೆ.

ಅಲ್ಲಿಂದ ಮುಂದೆ ನಗೆಯು ಬಹುಮಟ್ಟಿಗೆ ರಸಿಕರ ಬಾಯಿಗೆ ಬಂದಿತು. ಆರಿಹೋದ ವಿದ್ಯುದ್ದೀಪವನ್ನು ಬದಲಿಸಲು ಎಷ್ಟು ಮಂದಿ ಬ್ಲೂಗ್ರಾಸ್ ವಾದಕರು ಬೇಕೆಂಬುದು ಅವರಲ್ಲಿ ಪ್ರಚಲಿತವಾದ ಒಂದು ಪ್ರಶ್ನೆ. ಬದಲಿಸಲು ಒಬ್ಬ, ವಿದ್ಯುತ್ತನ್ನು ಬಳಸಿದ್ದೇ ತಪ್ಪೆಂದು ಗೊಣಗಲು ಉಳಿದವರೆಲ್ಲ ಎಂಬುದು ಉತ್ತರ. ವಿದ್ಯುತ್ ವಾದ್ಯಗಳನ್ನು ದೂರವಿಡುವ ನಿಷ್ಠೆಯು ಇಲ್ಲಿ ಪರಿಹಾಸಕ್ಕೆ ವಸ್ತುವಾಗಿದೆ. ಆದರೆ ಈ ಸಂಗೀತವು ಬೆಳೆದದ್ದೇ ರೇಡಿಯೋ, ಮೈಕ್ರೊಫೋನು ಮತ್ತು ಧ್ವನಿಮುದ್ರಿಕೆಗಳ ಆಶ್ರಯದಲ್ಲಿ. ಗಂಭೀರ ಚರ್ಚೆಯಲ್ಲಿ ಮರೆತ ಇತಿಹಾಸವನ್ನು ನಗೆಯು ನೆನಪಿಗೆ ತರುತ್ತದೆ.

ವಿವಾದಗಳೂ ಕಡಿಮೆಯಾಗಿರಲಿಲ್ಲ. ೧೯೭೧ರಲ್ಲಿ ‘ನ್ಯೂ ಗ್ರಾಸ್ ರಿವೈವಲ್’ ವೃಂದವನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ಯಾಮ್ ಬುಷ್ ಆಗ ೧೯ ವರ್ಷದವರು. ನೀಳಗೂದಲಿನ ಆ ಯುವಕರು ರಾಕ್ ಸಂಗೀತದ ಹಾಡುಗಳನ್ನೂ ವಿದ್ಯುತ್ ಬೇಸ್ ವಾದ್ಯವನ್ನೂ ಬಳಸಿದಾಗ ಸಂಪ್ರದಾಯನಿಷ್ಠರು ಮುಖ ಸಿಂಡರಿಸಿದರು. ಆದರೆ ಸ್ವತಃ ಮನ್ರೋ ಅವರ ನಡತೆಯು ವಿಚಾರಾರ್ಹವಾಗಿದೆ. ಅವರ ‘ಬ್ಲೂ ಮೂನ್ ಆಫ್ ಕೆಂಟಕಿ’ ಎಂಬ ನಿಧಾನಗತಿಯ ಹಾಡನ್ನು ೧೯೫೪ರಲ್ಲಿ, ೧೯ರ ಹರೆಯದ ಎಲ್ವಿಸ್ ಪ್ರೆಸ್ಲಿ ಬೇರೊಂದು ತಾಳದಲ್ಲಿ ತ್ವರಿತವಾಗಿ ಹಾಡಿದರು. ಅದೇ ವರ್ಷ ಮನ್ರೋ ಆ ಹಾಡನ್ನು ಮತ್ತೆ ಧ್ವನಿಮುದ್ರಿಸಿದಾಗ ಹಳೆಯ ಗತಿಯಲ್ಲಿ ಆರಂಭಿಸಿ ಹೊಸ ಗತಿಗೆ ಹೊರಳಿದರು. ಅನುಯಾಯಿಗಳು ಒಪ್ಪದ ಮಾರ್ಪಾಟನ್ನು ಮೂಲಪುರುಷರು ಮೊದಲೇ ಮಾಡಿ ತೋರಿಸಿದ್ದರು!

ಎಲ್ಲ ನಗೆಯೂ ನಿರ್ದುಷ್ಟವಾದುದಲ್ಲವೆಂಬುದನ್ನು ಇಲ್ಲಿ ಹೇಳದಿರಲಾಗದು. ಬ್ಯಾಂಜೊ ಆಫ್ರಿಕ ಮೂಲದ ವಾದ್ಯ. ಗುಲಾಮರಾಗಿ ತರಲ್ಪಟ್ಟ ಜನರು ಸೋರೆಬುರುಡೆಗೆ ಚರ್ಮ ಬಿಗಿದು ಅದನ್ನು ರೂಪಿಸಿದರು. ೧೯ನೆಯ ಶತಮಾನದ ‘ಮಿನ್‌ಸ್ಟ್ರೆಲ್’ ಪ್ರದರ್ಶನಗಳಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಅದೇ ವಾದ್ಯವನ್ನು ಹಿಡಿದು ಆ ಜನರನ್ನೇ ಅಣಕಿಸಿದರು. ಬ್ಯಾಂಜೊವಿಗೂ ವಿದೂಷಕತ್ವಕ್ಕೂ ಬೆಸುಗೆ ಬಿದ್ದದ್ದು ಮುಖ್ಯವಾಗಿ ಅಲ್ಲಿ. ತನ್ನನ್ನು ತಾನೇ ನಗುವುದು ಒಂದು. ಪರರನ್ನು ನಗೆಗೀಡುಮಾಡಿ ಅವರ ಸ್ವತ್ತನ್ನು ತನ್ನದೆನ್ನುವುದು ಇನ್ನೊಂದು. ೨೦೧೭ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ಸಮಾವೇಶದಲ್ಲಿ ಪ್ರಧಾನ ಭಾಷಣ ಮಾಡಿದ ರಿಯಾನನ್ ಗಿಡನ್ಸ್ ಈ ಮರೆತ ಮೂಲವನ್ನು ಎತ್ತಿ ಹೇಳಿದರು. ಅದೇ ವರ್ಷ ಮಾಲಿ ಟಟಲ್ ಆ ಸಂಘದ ವರ್ಷದ ಗಿಟಾರ್ ವಾದಕ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆಯಾದರು. ದೀರ್ಘವಾದ ರಾಕ್ ಮಾದರಿಯ ಆಲಾಪನೆಗಳಿಂದ ಹೆಸರಾದ ಬಿಲ್ಲಿ ಸ್ಟ್ರಿಂಗ್ಸ್, ೨೦೨೨ರಲ್ಲಿ ತಮ್ಮನ್ನು ಸಾಕಿ ವಾದನ ಕಲಿಸಿದ ಮಲತಂದೆಯೊಡನೆ ಕುಳಿತು ಹಳೆಯ ಹಾಡುಗಳ ಮುದ್ರಿಕೆಯೊಂದನ್ನು ಹೊರತಂದರು.

ಇವುಗಳಿಂದ ನಮಗೆ ಸ್ಪಷ್ಟವಾಗುವುದಿಷ್ಟು: ಬ್ಲೂಗ್ರಾಸ್‌ನಲ್ಲಿ ತರುಣರ ನಾವೀನ್ಯವು ಪರಂಪರೆಗೆ ಹೊರಗಿನಿಂದ ಬಂದ ಕೇಡಲ್ಲ, ಪರಂಪರೆಯ ಹುಟ್ಟೇ ಅದರಿಂದ. ರಸಿಕರ ಪರಿಹಾಸವು ಹಳಬರನ್ನೂ ಹೊಸಬರನ್ನೂ ಒಂದೇ ಚಪ್ಪರದಡಿಯಲ್ಲಿ ಕುಳ್ಳಿರಿಸುತ್ತದೆ. ಆದರೆ ಆ ಚಪ್ಪರದಲ್ಲಿ ಯಾರ ಪಾಲು ಎಷ್ಟೆಂಬುದನ್ನು ನಗೆಯೊಂದೇ ನಿರ್ಣಯಿಸಲಾರದು; ಅದು ಇತಿಹಾಸಕಾರನ ಹೊಣೆ.