ಹೊಗೆಯ ಕಾವು

ನನ್ನ ತಮ್ಮ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ಅಮ್ಮ ತೀರಿಕೊಂಡಾಗ ಹದಿಮೂರನೆಯ ದಿನಕ್ಕೂ ಅವನು ಬಂದು ತಲುಪಲಿಲ್ಲ. ಒಂದು ಸಿಲಿಂಡರಿನ ಹೊಗೆಯ ಕಾವು ಏರಿತೆಂದು ನಡುಗಡಲಿನಲ್ಲಿ ಹಡಗಿನ ವೇಗ ತಗ್ಗಿಸಿದ್ದರಂತೆ. ಹೊಗೆಯ ಬಿಸಿಗೆ ಇಷ್ಟೊಂದು ಬೆಲೆಯೇ ಎಂದು ಮುನಿಸಿಕೊಂಡಿದ್ದೆ. ಉತ್ತರಕ್ಕಾಗಿ ಚರಿತ್ರೆ ಓದಬೇಕಾಯಿತು.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಹಡಗು ಬ್ಯಾಂಕಾಕಿಗೆ ಹೊರಟಾಗ ನೋಡಿದವರು ಬೆರಗಾದರು. ಅದಕ್ಕೆ ಹೊಗೆಕೊಳವೆಯೇ ಇರಲಿಲ್ಲ! ಎರಡು ಡೀಸೆಲ್ ಎಂಜಿನ್ನುಗಳ ಹೊಗೆ ಹಾಯಿಕಂಬದ ಮೂಲಕ ಹೋಗುತ್ತಿತ್ತು. ಲಂಡನ್ನಿನಲ್ಲಿ ಚರ್ಚಿಲ್ ಅದನ್ನು ಹತ್ತಿ ನೋಡಿದ್ದರು.

ಹೊಗೆಯ ಕಾವನ್ನು ಓದುವ ವಿದ್ಯೆಯ ಬೇರು ಅದಕ್ಕೂ ಹಳೆಯದು. 1821ರಲ್ಲಿ ಥಾಮಸ್ ಸೀಬೆಕ್, ಎರಡು ಬೇರೆ ಲೋಹಗಳನ್ನು ಬೆಸೆದು ಒಂದು ಬೆಸುಗೆಯನ್ನು ಕಾಯಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡರು. ಅದೇ ತತ್ತ್ವದ ಥರ್ಮೋಕಪಲ್ ಇಂದು ಒಂದೊಂದು ಸಿಲಿಂಡರಿನ ಹೊಗೆಯ ದಾರಿಯಲ್ಲೂ ಕಾವಲು ಕೂತಿರುತ್ತದೆ. ಎಲ್ಲವೂ ಬಿಸಿಯಾದರೆ ಹೊರೆ ಹೆಚ್ಚಿರಬಹುದು, ಇಲ್ಲವೇ ಗಾಳಿ ಸಾಲದಿರಬಹುದು. ಒಂದೇ ಬಿಸಿಯಾದರೆ ಇಂಧನ ಚಿಮ್ಮುವ ನಳಿಗೆಯ ಮೇಲೋ ಹೊಗೆಯ ಕವಾಟದ ಮೇಲೋ ಅನುಮಾನ. ಒಂದೇ ತಣ್ಣಗಾದರೆ ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕಡೆಗಣಿಸಿದರೆ ಕವಾಟ ಸುಟ್ಟು ನಡುನೀರಿನಲ್ಲಿ ಎಂಜಿನ್ನೇ ನಿಂತೀತು.

ಸೌದೆ ಒಲೆಯ ಮುಂದೆ ಕೂತವರಿಗೆ ಇದು ಹೊಸದಲ್ಲ. ಸೌದೆ ಹಸಿಯೋ ಒಣಗಿದ್ದೋ ಎಂದು ಅಮ್ಮ ಜಗಲಿಯಿಂದಲೇ ಹೊಗೆ ನೋಡಿ ಹೇಳುತ್ತಿದ್ದಳು. ತಮ್ಮ ಮಾಡಿದ್ದೂ ಅವಳ ಕೆಲಸವನ್ನೇ. ಹಾಗೆಂದೇ ಅವನಿಗೆ ಪತ್ರ ಬರೆದೆ.