ಕಲಬುರ್ಗಿ ಹತ್ಯೆ: ಗುಂಡುಗಳು ತೋರಿದ ಜಾಡು

ವಚನ ಸಾಹಿತ್ಯ ಸಂಶೋಧಕ, ಹಂಪಿ ಕನ್ನಡ ವಿಶ್ವವಿದ್ಯಾಲಯದ ವಿಶ್ರಾಂತ ಕುಲಪತಿ ಡಾ. ಎಂ.ಎಂ. ಕಲಬುರ್ಗಿ (1938–2015) ಅವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಸ್ವಗೃಹದಲ್ಲಿ ಗುಂಡಿಕ್ಕಿ ಹತ್ಯೆಗೈಯಲಾಯಿತು. 'ಮಾರ್ಗ' ಕೃತಿಯ ಕೆಲವು ಬರಹಗಳಿಗೆ ತೀವ್ರ ವಿರೋಧ ಎದುರಾದಾಗ, 1989ರಲ್ಲಿ ಅವನ್ನು ಅವರು ಹಿಂಪಡೆಯಬೇಕಾಗಿತ್ತು. ಅದೇ ಮಾಲೆಯ 'ಮಾರ್ಗ–4'ಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಸಿಐಡಿ ತನಿಖೆ ವರ್ಷಗಟ್ಟಲೆ ಕುಂಟಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತರಾದರು. ಎರಡೂ ಸ್ಥಳಗಳಲ್ಲಿ ದೊರೆತ ಗುಂಡುಗಳನ್ನು ಹೋಲಿಸಿದ ವಿಧಿವಿಜ್ಞಾನ ತಜ್ಞರು, 7.65 ಎಂ.ಎಂ.ನ ಒಂದೇ ನಾಡಪಿಸ್ತೂಲು ಬಳಕೆಯಾಗಿದೆ ಎಂದು ವರದಿ ನೀಡಿದರು. ಕಲಬುರ್ಗಿಯವರ ಪತ್ನಿಯ ಅರ್ಜಿ ಆಲಿಸಿದ ಸುಪ್ರೀಂ ಕೋರ್ಟ್, 2019ರ ಫೆಬ್ರುವರಿಯಲ್ಲಿ ಪ್ರಕರಣವನ್ನು ಗೌರಿ ಹತ್ಯೆಯ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು. ಅದೇ ಆಗಸ್ಟ್‌ನಲ್ಲಿ ಆರು ಮಂದಿಯ ವಿರುದ್ಧ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಅಷ್ಟರಲ್ಲಿ ಹತ್ಯೆ ನಡೆದು ನಾಲ್ಕು ವರ್ಷ ಸಮೀಪಿಸಿತ್ತು.