ಸುಂಕದವರ ವೇಷ

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆಯನ್ನು ನನ್ನ ತರಗತಿಯಲ್ಲಿ ಕುಳಿತಿದ್ದವರೆಲ್ಲರೂ ಕೇಳಿದ್ದೀರಿ. ಹೋಂವರ್ಕ್ ಮಾಡದೆ ಬಂದು ನೆಪ ಹೇಳುವವರಿಗೆ ನಾನು ಕೊಡುತ್ತಿದ್ದ ಉತ್ತರ ಅದೊಂದೇ. ನೀವೆಲ್ಲ ನಗುತ್ತಿದ್ದಿರಿ. ಆದರೆ ಆ ಗಾದೆಯೊಳಗೆ ನಮ್ಮ ಜನರ ಹಲವು ತಲೆಮಾರುಗಳ ಭಯ ಅಡಗಿದೆ. ಸುಂಕದವನಿಗೆ ಕಿವಿ ಇಲ್ಲ, ಕರುಣೆ ಇಲ್ಲ. ಅವನು ಕೇಳಿದ್ದನ್ನು ಕೊಟ್ಟು ಕೈ ಮುಗಿಯುವುದೊಂದೇ ದಾರಿ ಎಂಬ ಭಾವನೆ ಅದು. ಆ ಹಳೆಯ ಭಯವನ್ನೇ ಬಂಡವಾಳ ಮಾಡಿಕೊಂಡು ದೂರವಾಣಿಯಲ್ಲಿ ಸುಲಿಗೆ ಮಾಡುವವರ ಕುರಿತು ಇಂದು ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರ್. ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳನ್ನು ಅಲ್ಲಿನ ಹರಿಹರೇಶ್ವರ ದೇವಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಅಂಗಳದಲ್ಲಿ ನಿಂತಿರುವ ಶಾಸನಕಲ್ಲುಗಳ ಮುಂದೆ ನಿಲ್ಲಿಸಿ, ಶಾಸನವೆಂದರೆ ಏನೆಂದು ವಿವರಿಸುವುದು ನನ್ನ ಪದ್ಧತಿಯಾಗಿತ್ತು. ಕನ್ನಡ ನಾಡಿನ ಶಾಸನಗಳಲ್ಲಿ ತೆರಿಗೆಯ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಸಿದ್ಧಾಯ ಎಂದು ಅವುಗಳ ಹೆಸರುಗಳು. ವಸೂಲಿಯ ಮೇಲಿನ ಅಧಿಕಾರಿಗೆ ಸುಂಕವೆರ್ಗಡೆ ಎಂಬ ಬಿರುದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣ ಎಂಬವರೊಬ್ಬರಿದ್ದರೆಂಬುದನ್ನೂ ನೆನಪಿಡಿ, ಸುಂಕದವರೆಲ್ಲ ಕಟುಕರಲ್ಲ!

ಆ ಕಲ್ಲುಗಳ ಬರವಣಿಗೆಗೆ ಒಂದು ಕ್ರಮವಿದೆ. ಯಾವ ಅರಸನ ಆಳ್ವಿಕೆ, ಯಾವ ಶಕವರ್ಷ, ಯಾವ ಸಂವತ್ಸರ, ಯಾವ ತಿಥಿ, ಯಾವ ಅಧಿಕಾರಿ, ಯಾವ ಊರು, ಯಾವ ತೆರಿಗೆಯನ್ನು ಯಾರಿಗೆ ಬಿಟ್ಟುಕೊಟ್ಟದ್ದು ಎಂಬುದೆಲ್ಲ ಒಂದೊಂದಾಗಿ ಬರುತ್ತದೆ. ಕೊನೆಗೆ, ಇದನ್ನು ಮೀರಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪ. ಇದನ್ನು ಊರವರೆಲ್ಲರ ಕಣ್ಣಿಗೆ ಬೀಳುವ ಕಡೆ ನೆಡುತ್ತಿದ್ದರು. ಪ್ರಭುತ್ವದ ಮಾತು ಬರಹದಲ್ಲಿರಬೇಕು, ಅದಕ್ಕೆ ಹೆಸರು ಮತ್ತು ದಿನಾಂಕ ಇರಬೇಕು, ನಾಲ್ಕು ಜನ ಓದುವಂತಿರಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಎಂಟು ನೂರು ವರ್ಷಗಳ ಹಿಂದೆಯೇ ಇತ್ತು. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈ ತಿಳಿವಳಿಕೆ ಆಧುನಿಕ ಕಾನೂನಿಗೂ ಬಂದಿದೆ. ಬ್ರಿಟಿಷರ ಆಡಳಿತದಲ್ಲಿ ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆಯನ್ನು ತಂದರು. ಸ್ವತಂತ್ರ ಭಾರತದಲ್ಲಿ 1961ರ ಕಾಯ್ದೆ ಬಂದಿತು. ಕಾನೂನಿನ ಪ್ರಕಾರ ಅಧಿಕಾರಿಗಳು ಮನೆ ಶೋಧಿಸಬೇಕಾದರೆ ಸಹಿ ಮಾಡಿದ ಅಧಿಕಾರಪತ್ರ ತೋರಿಸಬೇಕು, ನೆರೆಹೊರೆಯ ಇಬ್ಬರು ಪಂಚರಾದರೂ ಎದುರಿಗಿರಬೇಕು, ಪಂಚನಾಮೆ ಬರೆಯಬೇಕು. ನಾನು ಚಿಕ್ಕವನಿದ್ದಾಗ ಮಂಡಿಪೇಟೆಯಲ್ಲಿ "ಇನ್‌ಕಂ ಟ್ಯಾಕ್ಸ್‌ನವರು ಬಂದರಂತೆ" ಎಂಬ ಸುದ್ದಿ ಹಬ್ಬಿದರೆ ಸಾಕು, ಅರ್ಧ ಬೀದಿಯ ಬಾಗಿಲುಗಳು ಮುಚ್ಚುತ್ತಿದ್ದವು. ಹತ್ತಿ, ಕಾಳುಕಡಿ, ಬಟ್ಟೆಯ ವ್ಯಾಪಾರದಿಂದ ಬೆಳೆದ ಊರಿನಲ್ಲಿ ಅದು ಸಹಜವೂ ಆಗಿತ್ತು. ಆ ಗಾಬರಿಯಲ್ಲಿ ಅಧಿಕಾರಪತ್ರವನ್ನು ಕೇಳಿ ಓದುವ ಧೈರ್ಯ ಎಷ್ಟು ಜನರಿಗಿತ್ತೋ ಏನೋ.

ವೇಷಧಾರಿಗಳಿಗೆ ಬೇಕಾದದ್ದು ಈ ಗಾಬರಿಯೇ. 1987ರ ಮಾರ್ಚ್ 19ರಂದು ಮುಂಬಯಿಯ ಆಪೆರಾ ಹೌಸ್ ಬಳಿಯ ತ್ರಿಭುವನದಾಸ್ ಭೀಮ್‌ಜಿ ಝವೇರಿ ಆಭರಣ ಮಳಿಗೆಗೆ ಸಿ.ಬಿ.ಐ. ಅಧಿಕಾರಿಯೆಂದು ಹೇಳಿಕೊಂಡ ಒಬ್ಬನು ತಂಡದೊಂದಿಗೆ ಬಂದನು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಸಂದರ್ಶನ ನಡೆಸಿ ಆರಿಸಿಕೊಂಡ ಅಮಾಯಕ ಯುವಕರೇ ಆ ತಂಡ. ತಾವು ನಿಜವಾದ ಸರ್ಕಾರಿ ಕೆಲಸದಲ್ಲಿದ್ದೇವೆಂದೇ ಅವರು ನಂಬಿದ್ದರು. ಆಭರಣಗಳೊಂದಿಗೆ ಹೊರಟ ಆ 'ಅಧಿಕಾರಿ' ಮರಳಿ ಬರಲಿಲ್ಲ, ಸಿಕ್ಕಿಬೀಳಲೂ ಇಲ್ಲ. 2013ರಲ್ಲಿ ತೆರೆಕಂಡ 'ಸ್ಪೆಷಲ್ 26' ಎಂಬ ಹಿಂದಿ ಚಿತ್ರಕ್ಕೆ ಪ್ರೇರಣೆಯಾದದ್ದು ಈ ಘಟನೆ.

ಆದರೆ ಅವನು ಕನಿಷ್ಠ ಎದುರಿಗೆ ಬಂದು ನಿಲ್ಲಬೇಕಾಗಿತ್ತು. ದೂರವಾಣಿ ಆ ಅಪಾಯವನ್ನೂ ತಪ್ಪಿಸಿತು. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2015ರಲ್ಲಿ ಊರಿಗೆ ಬಂದಿದ್ದಾಗ ಹೇಳಿದ್ದನ್ನು ನಾನು ಕಥೆಯಂತೆ ಕೇಳಿದ್ದೆ. ಅಲ್ಲಿನ ತೆರಿಗೆ ಇಲಾಖೆಯವರೆಂದು ಹೇಳಿ, "ಬಾಕಿ ಕಟ್ಟದಿದ್ದರೆ ಇಂದೇ ಬಂಧನ, ಗಡೀಪಾರು" ಎಂದು ಅವನಿಗೆ ಬೆದರಿಕೆ ಬಂದಿತ್ತಂತೆ. "ಸರ್, ಐದು ನಿಮಿಷ ನನ್ನ ಕೈ ನಡುಗಿತು" ಎಂದಿದ್ದ. ಹೊಸದಾಗಿ ವಲಸೆ ಬಂದವರನ್ನೂ ಗುರಿಮಾಡುವ ಇಂಥ ಕರೆಗಳ ಬಗ್ಗೆ ಅಮೆರಿಕದ ತೆರಿಗೆ ಇಲಾಖೆ 2013ರ ಅಕ್ಟೋಬರ್‌ನಲ್ಲಿಯೇ ಎಚ್ಚರಿಕೆ ನೀಡಿತ್ತು. 2016ರ ಅಕ್ಟೋಬರ್‌ನಲ್ಲಿ ಠಾಣೆಯ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದಾಗ, ಆ ಕರೆಗಳ ಒಂದು ಮೂಲ ಎಲ್ಲಿತ್ತೆಂದು ಜಗತ್ತಿಗೆ ತಿಳಿಯಿತು. ನೂರಾರು ಯುವಕ ಯುವತಿಯರನ್ನು ವಿಚಾರಣೆಗೆ ಒಳಪಡಿಸಿ 70 ಮಂದಿಯನ್ನು ಬಂಧಿಸಲಾಯಿತು. ಅದೇ ತಿಂಗಳು ಅಮೆರಿಕದ ನ್ಯಾಯ ಇಲಾಖೆ 61 ವ್ಯಕ್ತಿಗಳು ಮತ್ತು ಸಂಸ್ಥೆಗಳ ಮೇಲೆ ದೋಷಾರೋಪ ಹೊರಿಸಿತು. ಮೋಸಹೋದವರು ಕನಿಷ್ಠ 15,000 ಮಂದಿ ಎಂದು ಅದರಲ್ಲಿ ಹೇಳಲಾಗಿತ್ತು. 2018ರಲ್ಲಿ ಅಲ್ಲಿನ ನ್ಯಾಯಾಲಯ 21 ಜನರಿಗೆ ಶಿಕ್ಷೆ ವಿಧಿಸಿತು. ಕೆಲವರಿಗೆ 20 ವರ್ಷಗಳವರೆಗೆ.

ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದಾಗ ನನಗೆ ಮಕ್ಕಳ ಬಗ್ಗೆ ಬೇಸರವಾಯಿತು. ನಮ್ಮ ಶಾಲೆಗಳಲ್ಲಿ ಕಲಿತು, ಬಂದ ಇಂಗ್ಲಿಷನ್ನು ಹೀಗೆ ಬಳಸಿದರಲ್ಲಾ ಎಂದು. ಆ ಕಲೆ ನಮ್ಮ ಮನೆಗಳಿಗೇ ತಿರುಗಿ ಬರಬಹುದೆಂದು ಮಾತ್ರ ಯೋಚಿಸಲಿಲ್ಲ.

ಬಂದಿತು. ಹರಿಹರದಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ, ಈಗ್ಗೆ ಕೆಲವು ವರ್ಷಗಳ ಹಿಂದೆ ತೀರಿಕೊಂಡರು. 2023ರ ಗೌರಿಹಬ್ಬದಂದು ವಾಡಿಕೆಯಂತೆ ತವರಿನ ಬಾಗಿನ ತೆಗೆದುಕೊಂಡು ಹೋಗಿದ್ದೆ. ಬಾಗಿನದ ಮೊರವನ್ನು ಸೆರಗಿನಲ್ಲಿ ಹಿಡಿದವಳು ಇದ್ದಕ್ಕಿದ್ದಂತೆ ಅತ್ತಳು. ಹತ್ತೊಂಬತ್ತು ದಿನಗಳ ಹಿಂದೆ ಒಂದು ಕರೆ ಬಂದಿತ್ತಂತೆ. ಆದಾಯ ತೆರಿಗೆ ಇಲಾಖೆಯ ಅಧಿಕಾರಿ ಎಂದು ತಿಳಿಯಾದ ಕನ್ನಡದಲ್ಲಿ, ಬಹಳ ಗೌರವದಿಂದ ಮಾತಾಡಿದನಂತೆ. ಭಾವನ ಹೆಸರು, ಪ್ಯಾನ್ ಸಂಖ್ಯೆ ಎರಡನ್ನೂ ಹೇಳಿದನಂತೆ. ಅವರ ಠೇವಣಿಯ ಬಡ್ಡಿಗೆ ತೆರಿಗೆ ಬಾಕಿ ಇದೆ, ವಾರಸುದಾರರಾದ ನೀವೇ ಹೊಣೆ, ಎರಡು ಗಂಟೆಯೊಳಗೆ ಕಟ್ಟದಿದ್ದರೆ ಮನೆ ಜಪ್ತಿ; ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ. ಅಕ್ಕ ಎರಡು ಸಲ, ಒಟ್ಟು 48,000 ರೂಪಾಯಿಗಳನ್ನು ಫೋನಿನಿಂದಲೇ ಕಳುಹಿಸಿದ್ದಳು. ಆಮೇಲೆ ಆ ನಂಬರು ಸ್ತಬ್ಧ.

"ಅವತ್ತೇ ನನಗೆ ಯಾಕೆ ಹೇಳಲಿಲ್ಲ?" ಎಂದು ನಾನು ಗದರಿದೆ.

"ಹೆಂಗ್ ಹೇಳ್ಲೋ ತಮ್ಮಾ? ನಿಮ್ ಮಾಸ್ತರೊಬ್ರು ದುಡ್ಡು ಕಳ್ಕೊಂಡಾಗ ಇದೇ ಪಡಸಾಲೇಲಿ ಕೂತು ಎಷ್ಟು ನಕ್ಕಿದ್ದೆ ನೀನು..."

ನನಗೆ ಮಾತು ಹೊರಡಲಿಲ್ಲ. ಹಿಂದಿನ ವರ್ಷ ನನ್ನ ಸಹೋದ್ಯೋಗಿಯೊಬ್ಬರು ತೆರಿಗೆ ವಾಪಸು ಬರುತ್ತದೆಂಬ ಸಂದೇಶದ ಕೊಂಡಿಯನ್ನು ಒತ್ತಿ ಹಣ ಕಳೆದುಕೊಂಡಿದ್ದರು. "ಓದಿದವರೂ ಹೀಗೆ ದಡ್ಡರಾದರೆ!" ಎಂದು ನಾನು ಅಕ್ಕನ ಮನೆಯಲ್ಲಿ ಆಡಿಕೊಂಡಿದ್ದೆ. ಆ ನಗುವೇ ಅವಳ ಬಾಯಿ ಕಟ್ಟಿತ್ತು. ಮಧ್ಯಾಹ್ನ 1930 ಎಂಬ ಸಹಾಯವಾಣಿಗೆ ದೂರು ಕೊಟ್ಟೆವು, ಬ್ಯಾಂಕಿಗೂ ತಿಳಿಸಿದೆವು. ಆದರೆ ಹಣ ಹಲವು ಖಾತೆಗಳನ್ನು ದಾಟಿ ಹೋಗಿಯಾಗಿತ್ತು, ಮರಳಲಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಹೋದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಪೊಲೀಸರು ಆ ಅವಧಿಯನ್ನು 'ಗೋಲ್ಡನ್ ಅವರ್' ಎನ್ನುತ್ತಾರೆ. ಅಕ್ಕನ ಆ ಗಂಟೆಗಳನ್ನು ಕಳ್ಳನ ಜೊತೆಗೆ ನಾನೂ ಕದ್ದಿದ್ದೆ.

ಅಂದಿನಿಂದ ಈ ಮೋಸದ ರೀತಿಯನ್ನು ಕೂಲಂಕಷವಾಗಿ ಯೋಚಿಸಿದ್ದೇನೆ. ಇದರಲ್ಲಿ ಸುಳ್ಳಿನೊಳಗೆ ಒಂದಿಷ್ಟು ಸತ್ಯವನ್ನು ಬೆರೆಸಿರುತ್ತಾರೆ. ತೀರಿಕೊಂಡವರ ತೆರಿಗೆ ಬಾಕಿಗೆ, ಅವರು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಿ, ವಾರಸುದಾರರು ಹೊಣೆಯೆಂಬ ನಿಯಮ ನಿಜವಾಗಿಯೂ ಇದೆ. ಹೆಸರು, ಪ್ಯಾನ್ ಸಂಖ್ಯೆಗಳು ನಾವು ಎಲ್ಲೆಲ್ಲೋ ಕೊಟ್ಟ ಜೆರಾಕ್ಸ್ ಪ್ರತಿಗಳಿಂದಲೂ ಸೋರಿಹೋಗುತ್ತವೆ. ಅವು ಗೊತ್ತಿವೆಯೆಂದ ಮಾತ್ರಕ್ಕೆ ಅವನು ಅಧಿಕಾರಿಯಲ್ಲ. ಸುಳ್ಳು ಬಯಲಾಗುವುದು ಎರಡು ಕಡೆ: ಅವಸರದಲ್ಲಿ ಮತ್ತು ಗುಟ್ಟಿನಲ್ಲಿ. ಶಾಸನ ಊರಿಗೆಲ್ಲ ಕಾಣುವಂತೆ ನಿಲ್ಲುತ್ತಿತ್ತು, ಪಂಚನಾಮೆಗೆ ಸಾಕ್ಷಿಗಳು ಬೇಕು. "ಯಾರಿಗೂ ಹೇಳಬೇಡಿ" ಎನ್ನುವುದು ಪ್ರಭುತ್ವದ ಭಾಷೆಯಲ್ಲ, ಕಳ್ಳನ ಭಾಷೆ.

ಆದ್ದರಿಂದ ಅಂಥ ಕರೆ ಬಂದರೆ ವಾದಿಸದೆ ಫೋನ್ ಇಟ್ಟುಬಿಡಿ. ನಿಜವಾದ ನೋಟಿಸು ಬರಹದಲ್ಲಿ ಬರುತ್ತದೆ. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, 'ಡಿನ್' ಎಂಬ ಗುರುತಿನ ಸಂಖ್ಯೆ ಇರಲೇಬೇಕು. ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ಪತ್ರ ಅಸಲಿಯೋ ನಕಲಿಯೋ ನೋಡಬಹುದು. ಹಳೆಯ ಶಾಸನದ ಶಕವರ್ಷ, ತಿಥಿಗಳ ಕೆಲಸವನ್ನೇ ಅದು ಇಂದು ಮಾಡುತ್ತದೆ ಎನ್ನಬಹುದು. ತೆರಿಗೆಯನ್ನು ಚಲನ್ ಮೂಲಕ ಸರ್ಕಾರದ ಖಾತೆಗೆ ಕಟ್ಟಬೇಕೇ ಹೊರತು ಯಾರದೋ ಫೋನ್ ನಂಬರಿಗಲ್ಲ. ಓ.ಟಿ.ಪಿ. ಹೇಳಬೇಡಿ, ಕಳುಹಿಸಿದ ಆ್ಯಪ್ ಹಾಕಿಕೊಳ್ಳಬೇಡಿ. ವಿಡಿಯೋದಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ 'ಡಿಜಿಟಲ್ ಅರೆಸ್ಟ್' ಎಂದರೂ ನಂಬಬೇಡಿ. ಅಂಥದೊಂದು ನಮ್ಮ ಕಾನೂನಿನಲ್ಲಿ ಇಲ್ಲವೆಂದು 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಹೇಳಿದರು. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆಮಾಡಿ.

ಹಾಗೆಂದು ಬಂದ ಪತ್ರವನ್ನೆಲ್ಲ ಸುಳ್ಳೆಂದು ಹರಿದು ಹಾಕುವುದೂ ಸಲ್ಲದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ಕಳುಹಿಸಿದ ನೋಟಿಸುಗಳು ಅಸಲಿಯೇ ಆಗಿದ್ದವು. ಕ್ಯೂ.ಆರ್. ಫಲಕಗಳನ್ನು ತೆಗೆದು "ನಗದು ಮಾತ್ರ" ಎಂದು ಬರೆದ ಅಂಗಡಿಗಳ ಸುದ್ದಿಯನ್ನು ನೀವೂ ಓದಿರುತ್ತೀರಿ. ಪತ್ರ ಕೈಗೆ ಬಂದರೆ ಅದನ್ನು ಓದಿ, ತಿಳಿದವರಿಗೆ ತೋರಿಸಿ, ಬರಹದಲ್ಲಿಯೇ ಉತ್ತರ ಕೊಡಿ. ಅದಕ್ಕೆ ಕಾಲಾವಕಾಶ ಇರುತ್ತದೆ. ಸಮಯ ಕೊಡದವನು ಕಳ್ಳ.

ಕೊನೆಯದಾಗಿ, ಮೋಸಹೋದವರನ್ನು ನೋಡಿ ನಗಬೇಡಿ. 2025ರಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಇಂಥ ಬೆದರಿಕೆಗೆ ಸಿಲುಕಿ ಹಣದ ಜೊತೆಗೆ ಪ್ರಾಣವನ್ನೂ ಕಳೆದುಕೊಂಡರು. ಆ ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಕ್ಕನ ಹತ್ತೊಂಬತ್ತು ದಿನಗಳ ಮೌನವೇ ಕಣ್ಣ ಮುಂದೆ ಬಂದಿತು. ನಿಮ್ಮ ಮನೆಯ ಹಿರಿಯರಿಗೆ "ಎಷ್ಟೇ ದೊಡ್ಡ ತಪ್ಪಾದರೂ ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ" ಎಂದು ಇಂದೇ ಹೇಳಿಡಿ. ಆ ಮಾತನ್ನು ಅಕ್ಕನಿಗೆ ಹೇಳಲು ನನಗೆ ನಲವತ್ತೆಂಟು ಸಾವಿರ ರೂಪಾಯಿಗಳ ಪಾಠ ಬೇಕಾಯಿತು.

ಈಚೆಗೆ ಅವಳಿಗೆ ಮತ್ತೆ ಅಂಥದೇ ಒಂದು ಕರೆ ಬಂದಿತ್ತಂತೆ. "ಕಾಗದ ಬರ್ದು ಕಳ್ಸಪ್ಪಾ, ನನ್ ತಮ್ಮ ಮಾಸ್ತರ ಅದಾನೆ, ಓದಿ ಹೇಳ್ತಾನೆ" ಎಂದು ಫೋನ್ ಇಟ್ಟಳಂತೆ. ಆಮೇಲೆ ಕೂಡಲೇ ನನಗೆ ಫೋನ್ ಮಾಡಿದಳು. ಕಾಗದ ಇದುವರೆಗೂ ಬಂದಿಲ್ಲ.